ಬಿಳಿ ಪರದೆಯ ಮುಂದೆ

ಹೆಂಡತಿ ನಗುತ್ತಿದ್ದಳು. ಅವನಿಗೆ ಸಹಿಸಲಾಗದೆ ಹೋದದ್ದು ಅದೊಂದೇ.

ಬೀದಿಗೆ ಹೊಸದಾಗಿ ಬಂದಿದ್ದ ಔಷಧಿ ಅಂಗಡಿಯವನ ಹೆಂಡತಿ, ಹೊರದೇಶದಲ್ಲಿ ನರ್ಸ್ ಆಗಿದ್ದ ತನ್ನ ತಂಗಿಯ ಫೋಟೋ ದೊಡ್ಡದು ಮಾಡಿಸಲು ಅವನ ಸ್ಟುಡಿಯೋಗೆ ಬಂದಿದ್ದಳು. ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ ನರ್ಸುಗಳ ಸಾಲು. ಎಲ್ಲರ ಕೈಯಲ್ಲೂ ಕಾಗದದ ಲೋಟ, ಯಾರದೋ ಹುಟ್ಟುಹಬ್ಬವಿರಬೇಕು. ಹಿಂದಿನ ಸಾಲಿನ ತುದಿಯಲ್ಲಿ, ಅವನನ್ನು ಬಿಟ್ಟುಹೋಗಿದ್ದ ಹೆಂಡತಿ ನಿಂತಿದ್ದಳು. ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತುಂಬ ನಗು. ತನ್ನ ಮನೆಯಲ್ಲಿದ್ದಷ್ಟು ವರ್ಷ ಅವಳು ಹಾಗೆ ನಕ್ಕಿದ್ದನ್ನು ಅವನು ಕಂಡಿರಲಿಲ್ಲ.

"ನಮ್ ತಂಗಿ ಮುಖ ಸ್ವಲ್ಪ ಬೆಳ್ಳಗೆ ಮಾಡಿ ಸಾರ್" ಎಂದು ಹೇಳಿ ಆಕೆ ಹೋದಳು. ಅವನು ತಂಗಿಯ ಮುಖ ಬೆಳ್ಳಗೆ ಮಾಡಿದ. ಆಮೇಲೆ ಚಿತ್ರವನ್ನು ಹಿಗ್ಗಿಸುತ್ತ ಹಿಗ್ಗಿಸುತ್ತ ಹೋಗಿ, ಬಾಗಿಲ ಮೇಲಿದ್ದ ಫಲಕದಿಂದ ಆಸ್ಪತ್ರೆಯ ಹೆಸರನ್ನೂ ಊರಿನ ಹೆಸರನ್ನೂ ಓದಿಕೊಂಡ.

ಹೊಡೆದದ್ದು ನಿಜ. ಅವನೇನೂ ಇಲ್ಲ ಅನ್ನುವವನಲ್ಲ. ಆದರೆ ಅವನ ಪ್ರಕಾರ ಪ್ರತಿ ಏಟಿಗೂ ಒಂದು ಕಾರಣವಿತ್ತು. ಎದುರು ಮಾತಾಡಿದ್ದು, ತಡವಾಗಿ ಬಂದದ್ದು, ಕೆಲವು ಸಲ ಸುಮ್ಮನೆ ಕೂತದ್ದು. ಕೊನೆಯ ಸಲ ಅವಳ ಮಣಿಕಟ್ಟನ್ನು ಬಾಗಿಲ ಸಂದಿಗೆ ಹಿಡಿದು ಬಾಗಿಲು ಒತ್ತಿದ್ದ. ಎಲುಬು ಲಟಕ್ಕೆಂದ ಸದ್ದು ಅವನಿಗೆ ಈಗಲೂ ನೆನಪಿತ್ತು. ಅದರಲ್ಲಿ ಒಂದು ತೃಪ್ತಿಯೂ ಇತ್ತು. ಮುರಿದ ಕೈಗೆ ತಾನೇ ಪಟ್ಟಿ ಸುತ್ತಿಕೊಂಡು ಡ್ಯೂಟಿಗೆ ಹೋದವಳು ತಿರುಗಿ ಬರಲಿಲ್ಲ. ಆ ಸಂಜೆ ಶಾಲೆಯಿಂದ ಮಗಳೂ ಬರಲಿಲ್ಲ. "ಪಾಪ" ಎಂದಿತು ಬೀದಿಯೆಲ್ಲ. ಆ ಪಾಪ ತನ್ನ ಕುರಿತಾದದ್ದಲ್ಲ ಎಂದು ಅವನಿಗೆ ಹೊಳೆದದ್ದು ಬಹಳ ತಡವಾಗಿ.

ಅವಳನ್ನು ವಾಪಸ್ ಕರೆತರುವ ಆಸೆಯೇನೂ ಅವನಿಗಿರಲಿಲ್ಲ. ಒಂದೇ ಒಂದು ಸಲ ಅವಳ ಬಾಗಿಲು ತಟ್ಟಬೇಕು. ತೆರೆದವಳ ಮುಖದ ಮೇಲಿನ ನಗು ಆರುವುದನ್ನು ಹತ್ತಿರದಿಂದ ನೋಡಬೇಕು. ಉಳಿದದ್ದನ್ನು ಕೈಗಳು ಮಾಡಿ ಮುಗಿಸುತ್ತವೆ. ಕತ್ತಿ ಇಲ್ಲಿಂದ ಹೊರಬೇಕಾಗಿಲ್ಲ. ಯಾವ ದೇಶದ ಅಡುಗೆಮನೆಯಲ್ಲಿ ಕತ್ತಿ ಇರುವುದಿಲ್ಲ?

ಮೊದಲು ನೇರ ದಾರಿಯಲ್ಲೇ ಹೋಗಿದ್ದ. ಬಿಳಿ ಪರದೆ ಇಳಿಬಿಟ್ಟು, ಕ್ಯಾಮೆರಾಕ್ಕೆ ಟೈಮರ್ ಹಾಕಿ, ಎದುರು ಕೂತು ತನ್ನ ಫೋಟೋ ತಾನೇ ತೆಗೆದುಕೊಂಡ. ಅಷ್ಟು ವರ್ಷದ ಕಸುಬಿನಲ್ಲಿ ತೆಗೆದ ಫೋಟೋಗಳಲ್ಲೆಲ್ಲ ಅದೇ ಚೆನ್ನಾಗಿತ್ತೆಂದು ಅವನ ನಂಬಿಕೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೀಸಾ ಕಚೇರಿಗೆ ಹೋದ. ಅಲ್ಲಿನ ಹುಡುಗಿ ಬೆರಳಚ್ಚಿಗೆಂದು ಅವನ ಬೆರಳುಗಳನ್ನು ಗಾಜಿನ ಮೇಲೆ ಇರಿಸಿ, "ಎಲ್ಲರದ್ದೂ ಹೀಗೆ ಒಂದೇ ಸಲಕ್ಕೆ ಬಂದ್ರೆ ನಮ್ಗೆ ಕಷ್ಟಾನೇ ಇರಲ್ಲ ಸಾರ್" ಎಂದು ಹೊಗಳಿದ್ದಳು. ಅರ್ಜಿ ತಿರಸ್ಕೃತವಾಯಿತು. ಕಾರಣ ಕೇಳಲು ಹೋದಾಗ, ಹೆಂಡತಿ ಅಲ್ಲಿ ದೂರು ಕೊಟ್ಟು ರಕ್ಷಣೆ ಕೇಳಿದ್ದಾಳೆಂದೂ, ಅವನ ಹೆಸರಿಗೆ ಆ ದೇಶದ ಬಾಗಿಲು ತೆರೆಯುವುದಿಲ್ಲವೆಂದೂ ಕಿಟಕಿಯಾಚೆಯವನು ತಲೆಯೆತ್ತದೆ ಹೇಳಿದ.

ಸ್ಟುಡಿಯೋಗೆ ಬಂದವನೇ ತನ್ನ ಫೋಟೋದ ಉಳಿದ ಪ್ರತಿಗಳನ್ನು ಕತ್ತರಿಯಿಂದ ಚೂರು ಮಾಡಿ ಬುಟ್ಟಿಗೆ ಹಾಕಿದ. ಅವನ ಅಂಗಡಿಯ ಕ್ರಮವೇ ಅದು. ಬೇಡವೆಂದ ಫೋಟೋವನ್ನು ಒಂದು ಗಳಿಗೆಯೂ ಇಟ್ಟುಕೊಳ್ಳುತ್ತಿರಲಿಲ್ಲ. ಕತ್ತರಿಸಿ ಎಸೆದು, ಮೂಲವನ್ನೂ ಅಳಿಸಿ ಕೈತೊಳೆದುಕೊಳ್ಳುತ್ತಿದ್ದ. ಆ ಅರ್ಜಿಯ ಕತೆಯೂ ಅಲ್ಲಿಗೆ ಮುಗಿಯಿತು ಎಂದುಕೊಂಡ. ಇನ್ನು ಬೇಕಾದದ್ದು ಬೇರೊಂದು ಹೆಸರು, ಆ ಹೆಸರಿಗೆ ಹೊಂದುವ ಒಂದು ಮುಖ.

ಅವನು ಕಾದ. ಪಾಸ್‌ಪೋರ್ಟಿಗೆ, ವೀಸಾಕ್ಕೆ ಫೋಟೋ ಬೇಕಾದವರೆಲ್ಲ ಅವನ ಬಿಳಿ ಪರದೆಯ ಮುಂದೆಯೇ ಕೂರುತ್ತಿದ್ದರು. ಯಾವ ದೇಶ ಎಂದು ಕೇಳುವುದು ಅವನ ಕೆಲಸದ ಭಾಗವೇ. ಒಂದೊಂದು ದೇಶಕ್ಕೆ ಒಂದೊಂದು ಅಳತೆ. ಹೆಂಡತಿಯಿದ್ದ ದೇಶದ ಹೆಸರು ಹೇಳಿದವರ ಮುಖವನ್ನು ಅವನು ಲೆನ್ಸಿನ ಹಿಂದಿನಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಒಬ್ಬ ತೀರ ಎಳಸು, ಒಬ್ಬನಿಗೆ ಗಲ್ಲವೇ ಇಲ್ಲ, ಇನ್ನೊಬ್ಬನಿಗೆ ಎಲ್ಲ ಸರಿ ಆದರೆ ಹೆಂಡತಿ, ಅತ್ತೆ, ಮಾವ ಎಲ್ಲರೂ ಜೊತೆಗೇ ಹೊರಟಿದ್ದಾರೆ.

ಒಂದು ಮಧ್ಯಾಹ್ನ ಪಾಲಿಶ್ ಬಂದ.

ನೆಲಕ್ಕೆ ಹಾಸುವ ಕಲ್ಲು ಉಜ್ಜಿ ಹೊಳಪು ತರುವುದು ಅವನ ಕೆಲಸ. ಊರಿಗೆಲ್ಲ ಇವನು ಫೋಟೋದವನಾದಂತೆ ಅವನು ಪಾಲಿಶ್. ಆ ದೇಶದಲ್ಲಿ ದೊಡ್ಡ ಹೋಟೆಲೊಂದನ್ನು ಕಟ್ಟುತ್ತಿದ್ದಾರೆ, ನೆಲದ ಕೆಲಸಕ್ಕೆ ಕರೆ ಬಂದಿದೆ, ಪಾಸ್‌ಪೋರ್ಟೂ ವೀಸಾನೂ ಎರಡೂ ಹೊಸದಾಗಿ ಆಗಬೇಕು ಎಂದ. ಕುರ್ಚಿಯಲ್ಲಿ ಕೂತು, ಎದುರಿನ ಕನ್ನಡಿಯಲ್ಲಿ ಇಬ್ಬರ ಮುಖವೂ ಒಟ್ಟಿಗೆ ಕಂಡಾಗ ಮೊದಲು ನಕ್ಕವನು ಪಾಲಿಶನೇ.

"ಏನ್ ಅಣ್ಣಾ ಇದು! ಒಂದೇ ತಾಯಿ ಮಕ್ಳ ಥರ ಇದೀವಲ್ಲ. ನಮ್ಮಪ್ಪ ಈ ಕಡೆ ಏನಾದ್ರೂ ಓಡಾಡ್ತಿದ್ನಾ ಅಂತ?"

ಅವನೂ ನಕ್ಕ. ನಗುತ್ತಲೇ ಕನ್ನಡಿಯಲ್ಲಿ ಎರಡೂ ಮುಖಗಳನ್ನು ಅಳೆದ. ಮೂಗು ಸ್ವಲ್ಪ ಬೇರೆ, ದವಡೆ ಸ್ವಲ್ಪ ಅಗಲ, ಅಷ್ಟೇ ವ್ಯತ್ಯಾಸ. ಆ ಸಂಜೆ ಕಂಪ್ಯೂಟರಿನ ಮುಂದೆ ಕೂತು ಪಾಲಿಶನ ಮೂಗನ್ನು ಕೂದಲೆಳೆಯಷ್ಟು ಸಣ್ಣದು ಮಾಡಿದ. ತನ್ನ ದವಡೆಯ ಅಂಚನ್ನು ತಂದು ಅವನ ದವಡೆಗೆ ಕೂರಿಸಿದ. ಕೊನೆಗೆ ಉಳಿದ ಮುಖ ಅರ್ಧ ಅವನದು, ಅರ್ಧ ತನ್ನದು; ಇಬ್ಬರಲ್ಲಿ ಯಾರು ಎದುರಿಗೆ ನಿಂತರೂ ಹೌದೆನ್ನಿಸುವ ಮುಖ.

"ನಾನು ಇಷ್ಟು ಚೆನ್ನಾಗಿದೀನಾ ಅಣ್ಣಾ?" ಎಂದು ಪಾಲಿಶ್ ಫೋಟೋವನ್ನು ಹಿಡಿದು ನೋಡಿದ. ಹೊಳೆಯುವ ಮೈ ಮೇಲೆ ಅವನ ಬೆರಳು ಒತ್ತಿದ್ದನ್ನು ಕಂಡು ಫೋಟೋದವನು ಮುಖ ಸಿಂಡರಿಸಿದ. ಫೋಟೋಗೆ, ಲೆನ್ಸಿಗೆ, ಗಾಜಿಗೆ ಬೆರಳು ತಾಗಿಸುವವರನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ತಾನು ಮುಟ್ಟುವುದಿದ್ದರೂ ಮೊದಲು ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡೇ ಮುಟ್ಟುವವನು. ಆದರೆ ಪಾಲಿಶ್ ಕೆಳಗಿಟ್ಟ ಫೋಟೋದ ಮೇಲೆ ಒಂದು ಕಲೆಯೂ ಬಿದ್ದಿರಲಿಲ್ಲ.

ಅದೇಕೆಂದು ಗೊತ್ತಾದದ್ದು ಪಾಲಿಶ್ ವೀಸಾ ಕಚೇರಿಗೆ ಹೋಗಿ ಬಂದ ಮೇಲೆ.

"ನನ್ ಬೆರಳೇ ಸಿಗ್ಲಿಲ್ಲ ಅಣ್ಣಾ ಅವ್ರಿಗೆ! ಕಲ್ಲು ಉಜ್ಜಿ ಉಜ್ಜಿ ಗೆರೆಯೆಲ್ಲಾ ಸವೆದೋಗಿದೆ. ಆ ಹುಡುಗಿ ಏನೋ ಹಚ್ಚಿದ್ಲು, ಒರೆಸಿದ್ಲು, ಉಫ್ ಅಂತ ಊದಿದ್ಲು. ಊಹೂಂ. ಕೊನೆಗೆ ಒಬ್ರು ಸಾಹೇಬ್ರು ಬಂದು, ಬಿಡಮ್ಮಾ ಅವರ ಕೆಲಸಾನೇ ಅಂಥದ್ದು ಅಂತ ಏನೋ ಬರ್ಕೊಂಡು ಕಳಿಸಿದ್ರು. ನನ್ ಫೋನೂ ಅಷ್ಟೇ, ಬೆರಳಿಗೆ ಕ್ಯಾರೇ ಅನ್ನಲ್ಲ, ನಂಬರ್ ಒತ್ಬೇಕು." ಹಾಗೆನ್ನುತ್ತ ಆ ನಂಬರನ್ನು ಬಾಯಿಬಿಟ್ಟು ಹೇಳಿಕೊಂಡೇ ಒತ್ತಿದ.

"ಮತ್ತೆ ಬರೋದೇ ಇಲ್ವಾ ಆ ಗೆರೆ?" ಫೋಟೋದವನು ಲೆನ್ಸ್ ಒರೆಸುತ್ತ ಕೇಳಿದ.

"ಬರತ್ತೆ ಬರತ್ತೆ. ಕಾಲು ಮುರ್ಕೊಂಡು ಮನೇಲಿ ಬಿದ್ದಿದ್ದಾಗ ಮಗು ಕೈ ಥರ ಆಗಿತ್ತು. ಕೆಲ್ಸಕ್ಕೆ ಇಳಿದ್ರೆ ಮತ್ತೆ ಬೋಳು."

ತಾನಾಗಿ ಕೇಳದೆಯೇ ಅದೃಷ್ಟ ಮಡಿಲಿಗೆ ಬಿದ್ದಿತ್ತು. ಮುಖಕ್ಕಿಂತ ಹೆಚ್ಚಾಗಿ ಅವನನ್ನು ಕಾಡುತ್ತಿದ್ದದ್ದೇ ಬೆರಳು. ಈಗ ಪಾಲಿಶನ ಬೆರಳು ಯಾರ ಹತ್ತಿರವೂ ಇಲ್ಲ. ಹೋಲಿಸಿ ನೋಡಲು ಎದುರಿಗೆ ಇನ್ನೊಂದು ಇಲ್ಲದಿದ್ದರೆ ಯಂತ್ರ ತಾನೇ ಏನು ಮಾಡೀತು? ಬೋಳಾಗಿದ್ದ ಬೆರಳಿಗೆ ಗೆರೆ ಹೇಗೆ ಬಂತು ಎಂದು ಕೇಳಿದರೆ, ಹೊರಡುವ ಮುಂಚೆ ಕೆಲಸ ಬಿಟ್ಟಿದ್ದೆ, ಮತ್ತೆ ಮೂಡಿದೆ ಎಂದರಾಯಿತು. ಆ ಉತ್ತರವನ್ನೂ ಪಾಲಿಶನೇ ಬಾಯಾರೆ ಕೊಟ್ಟು ಹೋಗಿದ್ದ. ಫೋಟೋದವನು ಆ ವಾಕ್ಯವನ್ನು ಕನ್ನಡಿಯ ಮುಂದೆ, ಪಾಲಿಶನ ದನಿಯಲ್ಲೇ, ಹೇಳಿ ಹೇಳಿ ಪಳಗಿಸಿಕೊಂಡ.

ಇನ್ನುಳಿದದ್ದು ಪಾಲಿಶನ ಎಡ ಹುಬ್ಬಿನ ಹಳೆಯ ಗಾಯದ ಗುರುತು. ಪಾಸ್‌ಪೋರ್ಟಿನಲ್ಲೂ ಅದು ನಮೂದಾಗಿತ್ತು. ಫೋಟೋದವನು ಬ್ಲೇಡಿನಿಂದ ತನ್ನ ಹುಬ್ಬನ್ನು ಎಲುಬು ತಾಗುವವರೆಗೆ ಸೀಳಿಕೊಂಡ. ರಕ್ತ ಕಣ್ಣಿಗಿಳಿದರೂ ಬ್ಲೇಡು ನಿಲ್ಲಿಸಲಿಲ್ಲ. ಬಚ್ಚಲಲ್ಲಿ ಜಾರಿದೆ ಎಂದು ಬೀದಿಗೆ ಹೇಳಿದ. ಹೊಲಿಗೆ ಹಾಕಿಸಿಕೊಳ್ಳದೆ, ಗಾಯ ಒರಟಾಗಿ ಕೂಡಿಕೊಳ್ಳಲು ಬಿಟ್ಟ.

ಅಷ್ಟರಲ್ಲಿ ಪಾಲಿಶ್ ಅವನ ಮನೆಮಂದಿಯಂತೆ ಆಗಿಬಿಟ್ಟಿದ್ದ. ವಿಮಾನವೆಂದರೆ ಅವನಿಗೆ ಕೈಕಾಲು ನಡುಕ. ಕಿವಿ ಮುಚ್ಚಿಹೋಗುತ್ತಂತೆ ಹೌದಾ, ಬೆಲ್ಟ್ ಬಿಚ್ಚೋಕೆ ಬರದಿದ್ರೆ ಯಾರನ್ನ ಕರೀಬೇಕು, ಅಲ್ಲಿ ಚಳಿಗೆ ಎರಡು ಸ್ವೆಟರ್ ಸಾಕಾ ಎಂದು ದಿನಾ ಬಂದು ಕೇಳುತ್ತಿದ್ದ. ಫೋಟೋದವನೂ ವಿಮಾನದ ಮೆಟ್ಟಿಲು ಹತ್ತಿದವನಲ್ಲ. ಹೋಗಿ ಬಂದ ಗಿರಾಕಿಗಳಿಂದ ಕೇಳಿದ್ದನ್ನೆಲ್ಲ ತಾನೇ ಕಂಡವನಂತೆ ಹೇಳಿಕೊಟ್ಟ. ಪೆಟ್ಟಿಗೆಯಲ್ಲಿ ಭಾರದ್ದು ಚಕ್ರದ ಕಡೆಗಿರಲಿ, ಕಾಗದ ಪತ್ರ ಎದೆಯ ಮೇಲಿರಲಿ, ಅಧಿಕಾರಿ ಕೇಳಿದಷ್ಟಕ್ಕೇ ಉತ್ತರ. ಹಾಗೆ ಹೇಳಿಕೊಡುತ್ತ ತನ್ನ ಪ್ರಯಾಣದ ತಯಾರಿಯನ್ನೂ ಮುಗಿಸಿಕೊಂಡ.

ಒಂದು ದಿನ ಸ್ಟುಡಿಯೋದ ಹಿಂದಿನ ಕೋಣೆಗೆ ಕರೆದೊಯ್ದು, ನೆಲದಡಿ ಬಳಸದೆ ಬಿಟ್ಟಿದ್ದ ಹಳೆಯ ನೀರಿನ ತೊಟ್ಟಿಯನ್ನು ತೋರಿಸಿದ. ಮುಚ್ಚಳ ಒಡೆದಿದೆ, ಒಂದು ಒಳ್ಳೆ ಕಲ್ಲು ಕೂರಿಸಿಕೊಡ್ತೀಯಾ ಎಂದ. ಪಾಲಿಶ್ ಖುಷಿಯಿಂದ ಒಪ್ಪಿದ. ಚಪ್ಪಡಿಯನ್ನು ಅಳತೆಗೆ ಕೊಯ್ದು, ಅಂಚು ಉಜ್ಜಿ, ಉಗುರು ತೂರದ ಹಾಗೆ ಕೂರಿಸಿದ. ಈಗಲೇ ಗಾರೆ ಹಾಕಬೇಡ, ಒಳಗೆ ಸ್ವಲ್ಪ ಸಾಮಾನು ಹಾಕೋದಿದೆ ಎಂದ ಫೋಟೋದವನು.

"ಹಾಕಿದ್ಮೇಲೆ ಈ ಪುಡಿ ಕಲಸಿ ಸಂದಿಗೆ ತುಂಬಿಬಿಡಿ ಅಣ್ಣಾ. ಇರುವೆ ಕೂಡ ಒಳಗೆ ಹೋಗಲ್ಲ, ವಾಸ್ನೆ ಕೂಡ ಹೊರಗೆ ಬರಲ್ಲ" ಎಂದು ಪಾಲಿಶ್ ಪೊಟ್ಟಣವನ್ನು ಕೈಗಿತ್ತ.

ಹೊರಡುವ ದಿನ ಬಿಸಿಲು ಏರಿದ ಹೊತ್ತಿಗೆ ಪಾಲಿಶ್ ಪೆಟ್ಟಿಗೆ ಎಳೆದುಕೊಂಡು ಬಂದ. ಹೆಂಡತಿ, ಮಗುವನ್ನು ತವರಿನ ಬಸ್ಸಿಗೆ ಹತ್ತಿಸಿ ಬಂದಿದ್ದ, ಕಣ್ಣು ಕೆಂಪಗಾಗಿತ್ತು. ಕೋಟು ಹಾಕಿ ಒಂದು ಫೋಟೋ ತೆಗೆಯುತ್ತೇನೆ, ಮನೆಯಲ್ಲಿ ಇಟ್ಟುಕೊಳ್ಳಲಿ ಎಂದು ಫೋಟೋದವನೇ ಹೇಳಿದ್ದ. ಊಟದ ವೇಳೆ ಬೀದಿಯ ಅಂಗಡಿಗಳೆಲ್ಲ ಅರ್ಧ ಬಾಗಿಲು ಎಳೆಯುತ್ತಿದ್ದವು. ಅವನು ತನ್ನದನ್ನು ಪೂರ್ತಿ ಎಳೆದ.

"ಗಲ್ಲ ಸ್ವಲ್ಪ ಮೇಲೆ. ಹಾಂ. ಅಲ್ಲಾಡಬೇಡ. ಕಾಲರ್ ಸರಿ ಮಾಡ್ತೀನಿ ಇರು."

ಪರದೆ ಏರಿಸುವ ನೈಲಾನ್ ಹಗ್ಗವನ್ನು ಹಿಂದಿನಿಂದ ಕೊರಳಿಗೆ ಹಾಕಿ, ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದ. ಹಗ್ಗದಲ್ಲೇ ಮುಗಿಯುತ್ತದೆ ಎಂದುಕೊಂಡಿದ್ದ. ಆದರೆ ಕಲ್ಲು ಎತ್ತಿದ ತೋಳುಗಳಿಗೆ ಎಷ್ಟು ಕಸುವಿರುತ್ತದೆಂದು ಅವನು ಯೋಚಿಸಿರಲಿಲ್ಲ. ಪಾಲಿಶ್ ಕುರ್ಚಿಸಮೇತ ಎದ್ದ. ಅವನನ್ನು ಬೆನ್ನ ಮೇಲೆ ಹೊತ್ತೇ ತಿರುಗಿ ಗೋಡೆಗೆ ಅಪ್ಪಳಿಸಿದ. ದೀಪವೊಂದು ಉರುಳಿ ಚೂರಾಯಿತು. ಹಗ್ಗ ಸಡಿಲಿದಾಗ ಪಾಲಿಶನ ಬಾಯಿಂದ ಹೊರಟದ್ದು ಒಂದೇ ಮಾತು. "ಅಣ್ಣಾ..." ಅದರಲ್ಲಿ ಬೈಗುಳವಿರಲಿಲ್ಲ, ಏನೋ ತಪ್ಪಾಗುತ್ತಿದೆ, ತಡೆ ಎನ್ನುವಂತಿತ್ತು. ಫೋಟೋದವನು ದೀಪದ ಕಂಬವನ್ನು ಎರಡೂ ಕೈಯಲ್ಲೆತ್ತಿ ಅದರ ಕಬ್ಬಿಣದ ಬುಡದಿಂದ ಆ ಮುಖಕ್ಕೆ ಹೊಡೆದ. ಬಿದ್ದ ಮೇಲೂ ಹೊಡೆದ. ಮೂಗಿತ್ತು, ಆಮೇಲೆ ಇರಲಿಲ್ಲ. ತಾನು ತಿದ್ದಿ ತೀಡಿದ ದವಡೆ ತನ್ನೆದುರೇ ಒಡೆದು ಒಳಗೆ ಕುಸಿಯಿತು. ನೆಲ ಕೆರೆಯುತ್ತಿದ್ದ ಆ ಬೋಳು ಬೆರಳುಗಳು ನಿಂತ ಮೇಲೂ ಇನ್ನೊಂದು ಹೊಡೆತ ಹಾಕಿದ. ಅದು ಯಾರಿಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ.

ಮುಂದಿನದು ಯೋಜನೆಯ ಪ್ರಕಾರವೇ ನಡೆಯಿತು. ರಕ್ತ ಸಿಡಿದ ಬಿಳಿ ಪರದೆಯಲ್ಲೇ ಹೆಣವನ್ನು ಸುತ್ತಿ ತೊಟ್ಟಿಗೆ ಇಳಿಸಿದ. ದೀಪ, ಹಗ್ಗ, ಕೋಟು, ತನ್ನ ಅಂಗಿ ಎಲ್ಲವೂ ಅದರೊಳಗೇ. ಚಪ್ಪಡಿ ಎಳೆದು, ಪುಡಿ ಕಲಸಿ ಸಂದಿ ತುಂಬಿದ. ಕೆಲಸಗಾರ ಸುಳ್ಳು ಹೇಳಿರಲಿಲ್ಲ. ಉಗುರು ತೂರುವಷ್ಟೂ ಸಂದಿ ಉಳಿಯಲಿಲ್ಲ. ಬಿಳಿ ಕೈಗವಸು ಹಾಕಿಕೊಂಡು ನೆಲ, ಗೋಡೆ, ಬಾಗಿಲ ಹಿಡಿ, ಒಂದನ್ನೂ ಬಿಡದೆ ಒರೆಸಿದ. ಸ್ನಾನ ಮಾಡಿ ಪಾಲಿಶನ ಪೆಟ್ಟಿಗೆಯೊಳಗಿನ ಹೊಸ ಅಂಗಿ ತೊಟ್ಟ. ಭುಜದ ಹತ್ತಿರ ಸ್ವಲ್ಪ ದೊಗಲೆ, ಅಷ್ಟೇ. ಸ್ಟುಡಿಯೋ ಕೆಲವು ದಿನ ಮುಚ್ಚಿರುತ್ತದೆ ಎಂದು ಬೀದಿಗೆ ಮೊದಲೇ ಹೇಳಿಯಾಗಿತ್ತು. ಯಾರೂ ಯಾಕೆ ಎಂದು ಕೇಳಿರಲಿಲ್ಲ; ಅವನನ್ನು ಯಾಕೆ ಎಂದು ಕೇಳುವವರು ಯಾರೂ ಉಳಿದಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಎಲ್ಲವೂ ನೀರು ಕುಡಿದಷ್ಟು ಸುಲಭ. ಅಧಿಕಾರಿ ಮುಖ ನೋಡಿದ, ಹುಬ್ಬು ನೋಡಿದ, ಮುದ್ರೆ ಒತ್ತಿದ. ಕಾಯುವ ಕುರ್ಚಿಯಲ್ಲಿ ಕೂತು ಪಾಲಿಶನ ಫೋನು ತೆರೆದು ಅವನ ಹೆಂಡತಿಗೆ, ಎಲ್ಲಾ ಸರಿಯಾಯ್ತು, ಹೊರಟೆ ಎಂದು ಒತ್ತಿ ಕಳಿಸಿದ. ತಕ್ಷಣ ಉತ್ತರ ಬಂತು. "ಹುಷಾರು. ಮಗು ನಿಮ್ ಹಳೇ ಅಂಗಿ ಹಿಡ್ಕೊಂಡು ಮಲಗಿದೆ. ಬೆಲ್ಟ್ ಬಿಚ್ಚೋಕೆ ಬರದಿದ್ರೆ ನಾಚ್ಕೋಬೇಡಿ, ಕೇಳಿ." ಅವನು ಅದನ್ನು ಓದಿ, ಅಳಿಸಿ, ಫೋನನ್ನು ಜೇಬಿಗೆ ಹಾಕಿದ.

ವಿಮಾನ ಎದ್ದಾಗ ಕಿವಿ ನಿಜವಾಗಿಯೂ ಮುಚ್ಚಿಕೊಂಡಿತು. ಕಿಟಕಿಯಾಚೆ ಊರು ಮೊದಲು ಬೆಂಕಿಪೊಟ್ಟಣದಷ್ಟಾಯಿತು, ಆಮೇಲೆ ಇಲ್ಲವಾಯಿತು. ಪಕ್ಕದ ಸೀಟಿನ ಅಜ್ಜಿ ಮಗಳ ಬಾಣಂತನಕ್ಕೆ ಹೊರಟಿದ್ದಳು. ಹಣ್ಣಿನ ರಸದ ಡಬ್ಬಿ ತೆರೆಯಲಾಗದೆ ಅವನ ಮುಂದೆ ಹಿಡಿದಳು. ಅವನು ಬೆರಳು ಒರೆಸಿಕೊಂಡು, ಮುಚ್ಚಳ ತೆಗೆದುಕೊಟ್ಟ.

"ಎಷ್ಟು ಚೊಕ್ಕ ಕೈಯಪ್ಪಾ ನಿಂದು! ಡಾಕ್ಟರಾ?"

"ಕಲ್ಲಿನ ಕೆಲಸ ಅಮ್ಮಾ."

"ಕಲ್ಲಿನ ಕೆಲಸದೋರ ಕೈ ಹೀಗಿರತ್ತಾ?"

"ಕೆಲಸ ಬಿಟ್ಟು ಸ್ವಲ್ಪ ದಿನ ಆಯ್ತು. ಗೆರೆ ಮತ್ತೆ ಮೂಡಿದೆ" ಎಂದ. ವಾಕ್ಯ ಎಲ್ಲೂ ತೊದಲದೆ ಬಂತು. ಅಜ್ಜಿ ತಲೆದೂಗಿದಳು. ಅವನಿಗೆ ತನ್ನ ಮೇಲೆ ಮೆಚ್ಚುಗೆಯೇ ಆಯಿತು. ಕಣ್ಣು ಮುಚ್ಚಿ, ಆಸ್ಪತ್ರೆಯ ಮೆಟ್ಟಿಲನ್ನು ನೆನೆದ. ಪಾಳಿ ಮುಗಿಸಿ ಇಳಿಯುವವಳನ್ನು ದೂರದಿಂದ ಹಿಂಬಾಲಿಸಬೇಕು. ಮನೆ ಗುರುತು ಹಿಡಿಯಬೇಕು. ಮಗಳು ಶಾಲೆಗೆ ಹೋದ ಮೇಲೆ ತಟ್ಟಬೇಕು. ಮೊದಲು ಆ ಮಣಿಕಟ್ಟು. ಅದು ಸರಿಯಾಗಿ ಕೂಡಿಕೊಂಡಿದೆಯೋ ಇಲ್ಲವೋ ನೋಡಬೇಕು. ಆಮೇಲೆ ಬಾಯಿ.

ಆ ದೇಶದ ನೆಲ ಕಾಲಿಗೆ ನುಣ್ಣಗೆ ತಾಕಿತು. ಎಲ್ಲೆಲ್ಲೂ ಹೊಳೆಯುವ ಕಲ್ಲು. ಪಾಲಿಶ್ ಇದ್ದಿದ್ದರೆ ಬಗ್ಗಿ ಸವರಿ ನೋಡುತ್ತಿದ್ದ. ಸಾಲು ನಿಧಾನವಾಗಿ ಸರಿಯಿತು. ಗಾಜಿನ ಗೂಡಿನೊಳಗಿದ್ದ ಅಧಿಕಾರಿಣಿ ಪಾಸ್‌ಪೋರ್ಟ್ ನೋಡಿದಳು, ಮುಖ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. ಏನು ಕೆಲಸ ಎಂದು ಕೇಳಿದಳು, ಅವನು ಕಲಿತಿಟ್ಟಿದ್ದ ಎರಡು ಪದದಲ್ಲಿ ಉತ್ತರ ಕೊಟ್ಟ. ಪರದೆಯ ಮೇಲೆ ಏನನ್ನೋ ಓದಿ, ಮೊದಲ ಸಲ ಅವನತ್ತ ಸ್ನೇಹದಿಂದ ನಕ್ಕಳು. ತನ್ನ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ ತೋರಿಸಿ, ನಿಮಗೆ ಇದು ಕಷ್ಟ ಅಲ್ಲವೇ ಎಂಬಂತೆ, ಕೈಗೆ ಹಚ್ಚಿಕೊಳ್ಳುವ ದ್ರವದ ಸೀಸೆಯನ್ನು ಮುಂದಕ್ಕೆ ಸರಿಸಿದಳು. ಅವನು ವಿನಯದಿಂದ ಬೇಡವೆಂದ. ಕರವಸ್ತ್ರ ತೆಗೆದು, ಗಾಜು ಮುಟ್ಟುವ ಮುಂಚೆ ಯಾವಾಗಲೂ ಮಾಡುವಂತೆ, ಒಂದೊಂದೇ ಬೆರಳನ್ನು ಒರೆಸಿಕೊಂಡ. ಗಾಜಿನ ಮೇಲೆ ಕೈಯಿಟ್ಟ.

ಒಂದೇ ಸಲಕ್ಕೆ ಬಂತು. ಹಸಿರು ದೀಪ ಹತ್ತಿತು. ಬೆರಳು ಬಂದದ್ದಕ್ಕೆ ಅಧಿಕಾರಿಣಿ ಹುಬ್ಬೇರಿಸಿದಳು, ಅವನು ಪಳಗಿಸಿಕೊಂಡ ವಾಕ್ಯವನ್ನು ಹೇಳಲು ಬಾಯಿ ತೆರೆದ. ಆದರೆ ಅವಳು ಕೇಳುತ್ತಿರಲಿಲ್ಲ. ಯಂತ್ರ ಮತ್ತೇನನ್ನೋ ಹುಡುಕುತ್ತಿತ್ತು, ಹುಡುಕಿ ಸಿಕ್ಕಿತೆಂಬಂತೆ ಸಣ್ಣಗೆ ಕೂಗಿತು. ಅವಳ ಮುಖದ ನಗು ಆರಿತು. ಅವನು ಅದನ್ನು ಹತ್ತಿರದಿಂದಲೇ ನೋಡಿದ. ಅವಳ ಕೈ ಮೇಜಿನಡಿಗೆ ಹೋಯಿತು, ಅವನ ಹಿಂದೆ ಬೂಟುಗಳ ಸದ್ದು ಬಂದು ನಿಂತಿತು. ಅವಳ ಬೆನ್ನ ಹಿಂದಿನ ಗಾಜಿನಲ್ಲಿ ಕಂಪ್ಯೂಟರಿನ ಪರದೆ ಪ್ರತಿಫಲಿಸುತ್ತಿತ್ತು. ಅದರಲ್ಲಿ ಈಗ ಪಾಲಿಶನ ಮುಖವಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಬಿಳಿ ಪರದೆ, ಗಾಯವಿಲ್ಲದ ಹುಬ್ಬು, ಪಕ್ಕದಲ್ಲಿ ಅವನದೇ ಹೆಸರು, ಅದರ ಕೆಳಗೆ ಅವನ ಹೆಂಡತಿಯ ಹೆಸರು. ಟೈಮರ್ ಹಾಕಿ ಅವನೇ ತೆಗೆದುಕೊಂಡಿದ್ದ ಫೋಟೋ. ಈ ಜನ ಬೇಡವೆಂದ ಫೋಟೋವನ್ನು ಕತ್ತರಿಸಿ ಎಸೆದಿರಲಿಲ್ಲ, ಅದರ ಜೊತೆ ಕೊಟ್ಟಿದ್ದ ಬೆರಳಚ್ಚುಗಳನ್ನೂ ಎಸೆದಿರಲಿಲ್ಲ. ಹಿಂದಿನಿಂದ ಯಾರೋ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ತಿರುಚಿದರು. ಆಗಲೂ ಅವನು ಆ ಫೋಟೋವನ್ನೇ ನೋಡುತ್ತಿದ್ದ. ಬೆಳಕು ಹದವಾಗಿತ್ತು, ಫೋಕಸ್ ಎಲ್ಲೂ ತಪ್ಪಿರಲಿಲ್ಲ.